ಪ್ರಶ್ನೋತ್ತರ: ಪ್ರೊಡಕ್ಷನ್ ಮ್ಯಾನೇಜರ್ ಕುರ್ಚಿಯಿಂದ ಇಡೀ ವ್ಯವಹಾರದ ಹೊಣೆಗೆ

ಪ್ರಶ್ನೆ:

ನಮಸ್ಕಾರ ಮೇಡಂ. ನನಗೆ 43 ವರ್ಷ. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದವನು, ಈಗ ಹನ್ನೊಂದು ವರ್ಷಗಳಿಂದ ಅಲ್ಲಿಯೇ ಪ್ರೊಡಕ್ಷನ್ ಮ್ಯಾನೇಜರ್. ವರ್ಷದ ವಹಿವಾಟು ಸುಮಾರು 24 ಕೋಟಿ ರೂಪಾಯಿ. ಅದರಲ್ಲಿ ಶೇ. 40ರಷ್ಟು ಒಂದೇ ದೊಡ್ಡ ಕಂಪನಿಯಿಂದ ಬರುತ್ತದೆ. ಅವರ ಹಣ ಕೈಸೇರಲು 110 ದಿನ ಬೇಕು ಎಂದು ಅಕೌಂಟ್ಸ್‌ನವರು ಸದಾ ಗೊಣಗುತ್ತಾರೆ. ಮಾಲೀಕರಿಗೆ ಎಪ್ಪತ್ತಾಯಿತು. ಏಪ್ರಿಲ್‌ನಿಂದ ಇಡೀ ವ್ಯವಹಾರವನ್ನು ನೀವೇ ನಡೆಸಿ ಎಂದಿದ್ದಾರೆ. ಯಂತ್ರ, ಶಿಫ್ಟು, ರಿಜೆಕ್ಷನ್ (ದೋಷವಿದ್ದು ತಿರಸ್ಕೃತವಾಗುವ ಮಾಲು) ಎಲ್ಲವೂ ನನಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಬ್ಯಾಲೆನ್ಸ್ ಶೀಟ್ ಕಂಡರೆ ಮಾತ್ರ ಎದೆ ಡವಗುಟ್ಟುತ್ತದೆ. ಎಲ್ಲಿಂದ ಆರಂಭಿಸಲಿ?

ಉತ್ತರ:

ನಮಸ್ಕಾರ. ನೀವು ಬೇಸರದ ಗೊಣಗಾಟ ಎಂದುಕೊಂಡಿರುವ ಆ 110 ದಿನಗಳಿಂದಲೇ ಆರಂಭಿಸಿ. ಲೆಕ್ಕ ಹಾಕೋಣ. 24 ಕೋಟಿಯಲ್ಲಿ ಶೇ. 40 ಎಂದರೆ 9.6 ಕೋಟಿ. 110 ದಿನ ತಡ ಎಂದರೆ ಯಾವುದೇ ದಿನ ನೋಡಿದರೂ ನಿಮ್ಮ 2.9 ಕೋಟಿ ರೂಪಾಯಿ ಆ ಗ್ರಾಹಕರ ಬಳಿ ಕುಳಿತಿರುತ್ತದೆ. ಅವರು 45 ದಿನಕ್ಕೆ ಕೊಟ್ಟರೆ ಕುಳಿತಿರುವುದು 1.2 ಕೋಟಿಗಿಂತ ಕಡಿಮೆ. ನಡುವಿನ ಸುಮಾರು 1.7 ಕೋಟಿಗೆ ಶೇ. 11ರ ಬ್ಯಾಂಕ್ ಬಡ್ಡಿ ಹಿಡಿದರೂ ವರ್ಷಕ್ಕೆ ಹೆಚ್ಚುಕಡಿಮೆ 19 ಲಕ್ಷ. ರಿಜೆಕ್ಷನ್ ಅರ್ಧ ಶೇಕಡ ಇಳಿಸಲು ನೀವು ರಾತ್ರಿ ಪಾಳಿಯಲ್ಲಿ ನಿಂತು ಬೆವರು ಸುರಿಸಿದ್ದೀರಿ. ಇಲ್ಲಿ ಅದಕ್ಕಿಂತ ದೊಡ್ಡ ಮೊತ್ತ ಸದ್ದಿಲ್ಲದೆ ಸೋರುತ್ತಿದೆ.

ಜೊತೆಗೆ ಜಿಎಸ್‌ಟಿ ಇದೆ. ಆ ಗ್ರಾಹಕರಿಗೆ ತಿಂಗಳಿಗೆ 80 ಲಕ್ಷದ ಬಿಲ್ಲು ಮಾಡಿದರೆ ಶೇ. 18ರಂತೆ 14.4 ಲಕ್ಷ ತೆರಿಗೆ. ಕಚ್ಚಾವಸ್ತುವಿನ ಮೇಲೆ ಕಟ್ಟಿದ್ದನ್ನು ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ನಿಮ್ಮ ಜೇಬಿನಿಂದ ಕಟ್ಟಬೇಕು, ಗ್ರಾಹಕರು ಹಣ ಕೊಟ್ಟಿರಲಿ ಬಿಡಲಿ. ಇನ್ನೊಂದು ಪೆಟ್ಟು ಬ್ಯಾಂಕಿನಿಂದ ಬೀಳುತ್ತದೆ. ಕ್ಯಾಶ್ ಕ್ರೆಡಿಟ್, ಅಂದರೆ ಸರಕು ಮತ್ತು ಬಾಕಿಯ ಆಧಾರದ ಮೇಲೆ ಕೊಡುವ ದಿನನಿತ್ಯದ ಸಾಲದ ಮಿತಿ ಲೆಕ್ಕ ಹಾಕುವಾಗ ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಕೈಬಿಡುತ್ತದೆ. ಹಣ ತಡವಾದಷ್ಟೂ ಸಾಲ ಸಿಗುವ ದಾರಿಯೂ ಕಿರಿದಾಗುತ್ತದೆ.

ಮುಖ್ಯಸ್ಥನಾದವನ ಕೆಲಸ ನಿಜಕ್ಕೂ ಇಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ. ಕೊಟ್ಟ ಆರ್ಡರನ್ನು ಚೆನ್ನಾಗಿ ಮುಗಿಸುವುದು ಮ್ಯಾನೇಜರ್ ಕಲಿತ ವಿದ್ಯೆ. ಆ ಆರ್ಡರನ್ನು ಆ ಬೆಲೆಗೆ, ಆ ಗಡುವಿಗೆ ಒಪ್ಪಿಕೊಳ್ಳಬೇಕೇ ಎಂದು ತೀರ್ಮಾನಿಸುವುದು ಏಪ್ರಿಲ್‌ನಿಂದ ನಿಮ್ಮ ಪಾಲಿಗೆ ಬರುತ್ತದೆ. ಅದಕ್ಕೆ ಮೊದಲ ಮೂರು ತಿಂಗಳು ಪ್ರತಿ ಸೋಮವಾರ ಅಕೌಂಟ್ಸ್‌ನವರ ಪಕ್ಕದಲ್ಲಿ ಕುಳಿತು ಒಂದೊಂದು ಬಿಲ್ಲನ್ನು ಹಿಂಬಾಲಿಸಿ: ಉಕ್ಕು ಕೊಂಡ ದಿನ, ಸರಕು ಹೊರಟ ದಿನ, ಹಣ ಬಂದ ದಿನ. ಹೀಗೆ ಇಪ್ಪತ್ತು ಬಿಲ್ಲು ನೋಡಿದರೆ ಬ್ಯಾಲೆನ್ಸ್ ಶೀಟ್ ತಾನಾಗಿ ಅರ್ಥವಾಗುತ್ತದೆ, ಏಕೆಂದರೆ ಅದರಲ್ಲಿರುವುದು ನೀವೇ ಕಣ್ಣಾರೆ ಕಂಡ ಸರಕು ಮತ್ತು ಬಾಕಿ.

ಅದೇ ಪ್ರಶ್ನಿಗರು:

ಮೇಡಂ, 110 ದಿನವನ್ನು ಇಳಿಸುವುದು ಹೇಗೆ? ಗಟ್ಟಿಯಾಗಿ ಕೇಳಿದರೆ ಆರ್ಡರ್ ಪಕ್ಕದ ಬೀದಿಗೆ ಹೋಗುತ್ತದೆ.

ಉತ್ತರ:

ನಿಮ್ಮ ಭಯ ನ್ಯಾಯವಾದದ್ದು. ಕಾನೂನು ನಿಮ್ಮ ಕಡೆಗಿದೆ, ಆದರೆ ಅದನ್ನು ಬಳಸುವ ಬಗೆ ಬೇರೆ. 2025ರ ಏಪ್ರಿಲ್ 1ರಿಂದ ವಹಿವಾಟು 100 ಕೋಟಿ, ಯಂತ್ರೋಪಕರಣಗಳ ಹೂಡಿಕೆ 25 ಕೋಟಿ ಮೀರದ ಉದ್ಯಮಗಳು ಸಣ್ಣ ಉದ್ಯಮದ ಮಿತಿಯೊಳಗೆ ಬರುತ್ತವೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಖರೀದಿದಾರರು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮೇಲಾಗಿ 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ, ಗಡುವು ದಾಟಿ ವರ್ಷಾಂತ್ಯಕ್ಕೆ ಬಾಕಿ ಉಳಿಸಿಕೊಂಡ ಮೊತ್ತವನ್ನು ಅವರು ಆ ವರ್ಷದ ಖರ್ಚೆಂದು ತೋರಿಸಲಾಗದು, ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು.

ದೂರು ಕೊಟ್ಟು ಅತಿ ದೊಡ್ಡ ಗ್ರಾಹಕರನ್ನು ಎದುರು ಹಾಕಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮೊದಲು ಪ್ರತಿ ಬಿಲ್ಲಿನ ಮೇಲೂ ನಿಮ್ಮ ಉದ್ಯಮ್ (ಇಂಥ ಉದ್ಯಮಗಳ ಸರ್ಕಾರಿ ನೋಂದಣಿ) ಸಂಖ್ಯೆ ಅಚ್ಚಾಗಿರಲಿ. ಆಮೇಲೆ ಅವರ ಹಣಕಾಸು ವಿಭಾಗದವರನ್ನು ಖುದ್ದಾಗಿ ಭೇಟಿಯಾಗಿ. ಖರೀದಿ ವಿಭಾಗದವರಿಗೆ ಬೆಲೆಯ ಚಿಂತೆ, ಹಣಕಾಸಿನವರಿಗೆ ತೆರಿಗೆಯ ಚಿಂತೆ. ಮಾರ್ಚ್‌ಗೆ ಮುಂಚೆ ಹೋದರೆ ಎರಡನೆಯವರು ನಿಮ್ಮ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಬಾಕಿ ಬಿಲ್ಲುಗಳ ಮೇಲೆ ಬ್ಯಾಂಕುಗಳಿಂದ ಹಣ ಪಡೆಯುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗೆ ಸೇರುವುದು ಈಗ ಕಡ್ಡಾಯ. ಅವರು ನಿಮ್ಮ ಬಿಲ್ಲನ್ನು ಅಲ್ಲಿ ಒಪ್ಪಿದರೆ ಬ್ಯಾಂಕು ಕೆಲವೇ ದಿನಗಳಲ್ಲಿ ಬಡ್ಡಿ ಕಳೆದು ನಿಮಗೆ ಹಣ ಕೊಡುತ್ತದೆ. ಮುಂದೆ ಗ್ರಾಹಕರು ಆ ಹಣವನ್ನು ಬ್ಯಾಂಕಿಗೆ ಕೊಡದೆ ಹೋದರೂ ಬ್ಯಾಂಕು ನಿಮ್ಮ ಬೆನ್ನು ಹತ್ತುವಂತಿಲ್ಲ. ಗ್ರಾಹಕರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲದ ಕಾರಣ ಸಂಬಂಧ ಕೆಡದೆ ಕೆಲಸವಾಗುತ್ತದೆ.

ಮತ್ತೊಬ್ಬರ ಪ್ರಶ್ನೆ (ತುಮಕೂರು):

ಗುಣಮಟ್ಟ ಚೆನ್ನಾಗಿದ್ದರೆ ವ್ಯಾಪಾರ ತಾನಾಗಿ ಬರುವುದಿಲ್ಲವೇ? ಇಷ್ಟೆಲ್ಲ ಲೆಕ್ಕಾಚಾರ ಏಕೆ?

ಉತ್ತರ:

ನಿಮ್ಮ ಊರಿಗೇ ಗೊತ್ತಿರುವ ಕಥೆಯೊಂದಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿತು, ಮುಂದೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಅಲ್ಲಿನ ಕುಶಲಕರ್ಮಿಗಳ ಕೈಚಳಕದ ಬಗ್ಗೆ ನನಗೆ ಅಪಾರ ಗೌರವ. ನಮ್ಮ ತಂದೆಯವರ ಎಚ್‌ಎಂಟಿ ಇಂದಿಗೂ ಕೀಲಿ ಕೊಟ್ಟರೆ ನಡೆಯುತ್ತದೆ. ಆದರೆ 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಹುಟ್ಟುಹಾಕಿದ ಟೈಟಾನ್, ಗಡಿಯಾಚೆಯ ಹೊಸೂರಿನಲ್ಲಿ ನಿಂತು ಕ್ವಾರ್ಟ್ಜ್ (ಬ್ಯಾಟರಿಯಿಂದ ಓಡುವ) ಗಡಿಯಾರಕ್ಕೆ ಒತ್ತು ಕೊಟ್ಟಿತು, ತನ್ನದೇ ಮಳಿಗೆಗಳನ್ನು ತೆರೆಯಿತು, ಗಡಿಯಾರವನ್ನು ಉಡುಗೊರೆಯಾಗಿ ಮಾರಿತು. ಕ್ವಾರ್ಟ್ಜ್ ತಂತ್ರ ಎಚ್‌ಎಂಟಿಗೂ ಗೊತ್ತಿತ್ತು. ಕೊಳ್ಳುವವನ ಮನಸ್ಸು ಯಾವ ಕಡೆ ಹೊರಳುತ್ತಿದೆ ಎಂಬುದಕ್ಕೆ ತಕ್ಕಂತೆ ಸಂಸ್ಥೆಯ ಭಾರವನ್ನು ಹೊತ್ತಿಗೆ ಸರಿಯಾಗಿ ಆ ಕಡೆ ವಾಲಿಸಲಾಗಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಮೊದಲ ಪ್ರಶ್ನಿಗರು:

ಶಾಪ್ ಫ್ಲೋರ್ ಬಿಟ್ಟು ಇರುವುದು ಕಷ್ಟ ಎನಿಸುತ್ತದೆ. ಜೊತೆಗೆ ಮಾಲೀಕರ ಮಗ ಜರ್ಮನಿಯಲ್ಲಿ ಓದಿ ಬಂದು ಈಗ ಕಚೇರಿಗೆ ಬರುತ್ತಿದ್ದಾನೆ. ನಾನು ಯಾರ ಮಾತು ಕೇಳಬೇಕು?

ಉತ್ತರ:

ನಾನು ಒಂದು ವಿಭಾಗದ ಮುಖ್ಯಸ್ಥೆಯಾದ ಮೊದಲ ವರ್ಷ ಬೆಳಿಗ್ಗೆ ಆರಕ್ಕೇ ಯಂತ್ರಗಳ ನಡುವೆ ಇರುತ್ತಿದ್ದೆ. ನನ್ನ ಜಾಗಕ್ಕೆ ಬಂದ ಹುಡುಗ ನನ್ನ ಮುಖ ನೋಡದೆ ಒಂದು ಸೆಟಪ್ ಕೂಡ ಬದಲಿಸುತ್ತಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಎರಡನೇ ದೊಡ್ಡ ಗ್ರಾಹಕರ ಕಂಪನಿಯಲ್ಲಿ ಖರೀದಿ ಮುಖ್ಯಸ್ಥರು ಬದಲಾಗಿದ್ದರು. ನನಗೆ ಅದು ತಿಳಿದದ್ದು ಆರ್ಡರ್ ನಿಂತ ಮೇಲೆ. ತಪ್ಪು ನನ್ನದೇ. ಆದ್ದರಿಂದ ಉತ್ಪಾದನೆಗೆ ಒಬ್ಬರನ್ನು ಹೆಸರಿಸಿ, ಅವರು ತಪ್ಪು ಮಾಡಲು ಅವಕಾಶ ಕೊಡಿ, ಫ್ಲೋರಿಗೆ ದಿನಕ್ಕೊಂದು ಸುತ್ತು ಸಾಕು.

ಮಾಲೀಕರ ಮಗನ ವಿಷಯದಲ್ಲಿ ಮುನಿಸು ಬೇಡ. ಆಸ್ತಿ ಅವರದು, ಆತ ಮುಂದೆ ಕೇಳುವ ಪ್ರಶ್ನೆಗಳು ನ್ಯಾಯವಾದವು. ಆದರೆ ಏಪ್ರಿಲ್‌ಗೆ ಮುಂಚೆ ತಂದೆ ಮಗ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಬರವಣಿಗೆಯಲ್ಲಿ ಪಡೆಯಿರಿ: ಎಷ್ಟು ಮೊತ್ತದವರೆಗೆ ಖರ್ಚು, ಎಷ್ಟರವರೆಗೆ ಬೆಲೆ ಇಳಿಕೆ, ಯಾರ ನೇಮಕ ನಿಮ್ಮ ತೀರ್ಮಾನ. ಅವರಿಬ್ಬರ ಅಭಿಪ್ರಾಯ ಬೇರೆಯಾದಾಗ ಯಾರ ಮಾತು ಕೊನೆಯದು ಎಂಬುದೂ ಅದರಲ್ಲಿರಲಿ.

ಮೈಸೂರಿನ ಒಬ್ಬ ಸಾಫ್ಟ್‌ವೇರ್ ಡೆಲಿವರಿ ಮ್ಯಾನೇಜರ್:

ಇದಕ್ಕೆ ಎಂಬಿಎ ಬೇಕೇ ಮೇಡಂ?

ಉತ್ತರ:

ಬೇಕೇಬೇಕು ಎಂದಿಲ್ಲ. ಮೊದಲು ನಿಮ್ಮ ಪ್ರಾಜೆಕ್ಟಿನ ಲಾಭನಷ್ಟವನ್ನು ನೀವೇ ಬರೆದು ನೋಡಿ. ಎಲ್ಲಿ ಸಿಕ್ಕಿಕೊಂಡಿರಿ ಎಂದು ತಿಳಿದ ಮೇಲೆ ಬೆಂಗಳೂರಿನ ಐಐಎಂನಂಥ ಕಡೆ ಕಿರು ಅವಧಿಯ ಕೋರ್ಸು ಮಾಡಿದರೆ ಕೊಟ್ಟ ಶುಲ್ಕ ದಕ್ಕುತ್ತದೆ.

ಮೊದಲ ಪ್ರಶ್ನಿಗರು:

ಕೊನೆಯದೊಂದು. ನನ್ನನ್ನು ನಿರ್ದೇಶಕನನ್ನಾಗಿ ಮಾಡುತ್ತಾರಂತೆ. ಚೆಕ್ಕಿಗೂ ನನ್ನದೇ ಸಹಿ. ಮನೆಯಲ್ಲಿ ಎಲ್ಲರಿಗೂ ಸಂತೋಷ.

ಉತ್ತರ:

ಸಂತೋಷ ನನಗೂ ಇದೆ, ಆದರೆ ಆತುರಪಡಬೇಡಿ. ಕಂಪನಿಯ ಚೆಕ್ ಬೌನ್ಸ್ ಆದರೆ ಸಹಿ ಹಾಕಿದವರ ಮೇಲೂ, ವ್ಯವಹಾರದ ಹೊಣೆ ಹೊತ್ತವರ ಮೇಲೂ ಕ್ರಿಮಿನಲ್ ಪ್ರಕರಣ ಹೂಡಬಹುದು. ನಿರ್ದೇಶಕರಾದ ಮೇಲೆ ಕಂಪನಿಯ ಸಾಲಕ್ಕೆ ಬ್ಯಾಂಕು ನಿಮ್ಮ ವೈಯಕ್ತಿಕ ಜಾಮೀನು ಕೇಳಬಹುದು. ಪಾಲು ಇಲ್ಲದವರು ಜಾಮೀನು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜಾಮೀನು ಕೊಡಲೇಬೇಕಾದರೆ ಷೇರುಗಳನ್ನು ಕೇಳಿ, ಕೇಳಲು ಸಂಕೋಚ ಬೇಡ. ಬ್ಯಾಂಕಿನವರು ಕಾಗದ ಕೊಟ್ಟ ದಿನವೇ ಸಹಿ ಮಾಡದೆ ಮನೆಗೆ ತನ್ನಿ, ನಿಮ್ಮದೇ ವಕೀಲರಿಗೆ ತೋರಿಸಿ, ಮನೆಯವರಿಗೂ ಓದಿ ಹೇಳಿ.