ಪದಚರ್ಚೆ: ಮಗುವಿಗೆ ಸಲ್ಲುವ ‘ಜೀವನಾಂಶ’ದಲ್ಲಿ ಏನೇನು ಸೇರುತ್ತದೆ?

ಪರಿಚಿತ ಹೆಣ್ಣುಮಗಳೊಬ್ಬರು ಕೌಟುಂಬಿಕ ನ್ಯಾಯಾಲಯಕ್ಕೆ ಸಲ್ಲಿಸಬೇಕಾದ ಖರ್ಚಿನ ವಿವರಗಳನ್ನು ಕನ್ನಡದಲ್ಲಿ ಬರೆದುಕೊಡುವಾಗ ಎದುರಾದ ಪ್ರಶ್ನೆಯಿದು. ಒಂಬತ್ತು ವರ್ಷದ ಮಗಳ ಶಾಲಾ ಶುಲ್ಕದ ರಸೀದಿ, ಆಟೋ ಬಾಡಿಗೆ, ಹೊಸ ಕನ್ನಡಕದ ಬಿಲ್ಲು, ಇವನ್ನೆಲ್ಲ ಅವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿದ್ದರು. ಮಗುವಿನ ತಂದೆಯ ವಾದವಾದರೋ, "ಜೀವನಾಂಶವೆಂದರೆ ಹೊಟ್ಟೆಬಟ್ಟೆಯ ಖರ್ಚು, ಕನ್ನಡಕ ಅದರಲ್ಲಿ ಹೇಗೆ ಬರುತ್ತದೆ?" ಎಂಬುದಾಗಿತ್ತು.

ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 3ನೆಯ ಸೆಕ್ಷನ್ನು ಅನ್ನ, ಬಟ್ಟೆ, ವಸತಿ, ಶಿಕ್ಷಣ, ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆ ಇಷ್ಟನ್ನೂ ಜೀವನಾಂಶದೊಳಗೆ ಸೇರಿಸುತ್ತದೆ; ಅವಿವಾಹಿತ ಮಗಳಾದರೆ ಅವಳ ಮದುವೆಯ ಯುಕ್ತ ವೆಚ್ಚವೂ ಸೇರುತ್ತದೆ. ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ನೀಡಿದ ತೀರ್ಪು ಇನ್ನೂ ಮುಂದೆ ಹೋಗಿ, ಮೂಲ ಶಿಕ್ಷಣದ ಜೊತೆಗೆ ಹೆಚ್ಚುವರಿ ಕೋಚಿಂಗ್ ತರಗತಿ, ವೃತ್ತಿ ತರಬೇತಿಗಳನ್ನೂ ಗಣನೆಗೆ ತೆಗೆದುಕೊಂಡಿತು. ಶಿಕ್ಷಣದ ವೆಚ್ಚವನ್ನು ಸಾಮಾನ್ಯವಾಗಿ ತಂದೆಯೇ ಭರಿಸಬೇಕು, ತಾಯಿಗೂ ಸಾಕಷ್ಟು ಸಂಪಾದನೆಯಿದ್ದರೆ ಇಬ್ಬರೂ ತಮ್ಮ ಆದಾಯಕ್ಕೆ ತಕ್ಕಂತೆ ಹಂಚಿಕೊಳ್ಳಬಹುದು ಎಂದೂ ಅದು ಹೇಳಿತು.

ಹಾಗಾದರೆ ತೊಡಕಿರುವುದು ಪದದಲ್ಲಿ. ಜೀವನ ಮತ್ತು ಅಂಶ ಎಂದು ಬಿಡಿಸಿದರೆ, ಜೀವನಕ್ಕಾಗಿ ತೆಗೆದಿಟ್ಟ ಪಾಲು ಎಂಬ ಅರ್ಥ ಬರುತ್ತದೆ. ಕೊಡುವವನ ಗಳಿಕೆಯಿಂದ ಒಡೆದು ಕೊಟ್ಟ ತುಂಡು ಎಂಬ ಭಾವವೇ ಅಲ್ಲಿ ಮುಂದಾಗುತ್ತದೆಯೇ ಹೊರತು, ಪಡೆಯುವ ಮಗು ಬೆಳೆಯುತ್ತಿದೆ, ವರ್ಷದಿಂದ ವರ್ಷಕ್ಕೆ ಅದರ ಅಗತ್ಯಗಳೂ ಬದಲಾಗುತ್ತವೆ ಎಂಬುದು ಹೊಳೆಯುವುದಿಲ್ಲ. ಮೇಲಾಗಿ, ಪತ್ರಿಕೆಗಳಲ್ಲಿ ಈ ಪದ ವಿಚ್ಛೇದಿತ ಪತ್ನಿಗೆ ಕೊಡುವ ಹಣವೆಂಬ ಅರ್ಥದಲ್ಲೇ ಹೆಚ್ಚಾಗಿ ಬರುವುದರಿಂದ, ಮಗುವಿನ ಹಕ್ಕು ತಾಯಿಗೆ ತೋರಿಸಿದ ಔದಾರ್ಯದಂತೆ ಕಾಣತೊಡಗುತ್ತದೆ. ನನ್ನನ್ನು ಬಹುವಾಗಿ ನೋಯಿಸುವುದು ಇದೇ.

ಬದಲಿ ಪದಗಳಲ್ಲಿ ‘ನಿರ್ವಹಣಾ ವೆಚ್ಚ’ವೆಂದರೆ ಲಿಫ್ಟು, ನೀರಿನ ಪಂಪುಗಳ ನೆನಪಾಗುತ್ತದೆ. ‘ಪರಿಹಾರ’ವಂತೂ ತಪ್ಪೇ, ಏಕೆಂದರೆ ಇಲ್ಲಿ ಯಾರಿಗಾದ ನಷ್ಟವನ್ನೂ ತುಂಬಿಕೊಡುತ್ತಿಲ್ಲ. ‘ಪಾಲನಾ ವೆಚ್ಚ’ ಚೆನ್ನಾಗಿದೆಯಾದರೂ, ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯದಲ್ಲಿಯೂ ‘ಪಾಲನೆ’ ಎಂಬ ಮಾತೇ ಬಳಕೆಯಾಗುವುದರಿಂದ ಗೊಂದಲವಾಗುತ್ತದೆ. ನನಗೆ ‘ಮಕ್ಕಳ ಪೋಷಣಾ ವೆಚ್ಚ’ವೇ ಹೆಚ್ಚು ಒಪ್ಪಿಗೆಯಾಗಿದೆ, ಸಂಸ್ಕೃತದ ‘ಪುಷ್’ ಧಾತುವಿನಿಂದ ಬಂದ ಪೋಷಣೆಯಲ್ಲಿ ಸಾಕುವುದರೊಡನೆ ಬೆಳೆಸುವುದೂ ಇದೆ.

ಕಾನೂನಿನ ಹೆಸರಿನಲ್ಲಿಯೇ ನಿಂತಿರುವ ‘ಜೀವನಾಂಶ’ವನ್ನು ಅರ್ಜಿಗಳಿಂದ ತೆಗೆದುಹಾಕುವುದು ಸಾಧ್ಯವಿಲ್ಲವೆಂಬುದನ್ನು ಬಲ್ಲೆ. ಆದ್ದರಿಂದ ‘ಮಗುವಿನ ಜೀವನಾಂಶ, ಅಂದರೆ ಪೋಷಣಾ ವೆಚ್ಚ’ ಎಂದು ಮೊದಲ ಸಲ ಬರೆದು, ಮುಂದೆ ಎರಡನೆಯದನ್ನೇ ಬಳಸಿದರೆ ಆಗಬಹುದೇ? ನ್ಯಾಯಾಲಯದ ಕನ್ನಡದಲ್ಲಿ ಪಳಗಿದವರು, ತಮ್ಮ ಊರಿನ ಕಡೆ ಇದಕ್ಕೆ ಬೇರೆ ಮಾತಿದ್ದರೆ ಅದನ್ನೂ ಸೇರಿಸಿ, ತಿಳಿಸಬೇಕೆಂದು ಕೋರುತ್ತೇನೆ.