ಹಳೆ ಲ್ಯಾಂಡ್‌ಲೈನ್ ನಂಬರ್ ಬಿಡದೆ ಫೈಬರ್ ಫೋನಿಗೆ ಹೋಗುವುದು ಹೇಗೆ?

ತೋಟದಮನೆ, ಬದಿಯಡ್ಕ
ಮನೆಯಲ್ಲಿ 04998ರ ಹಳೆ ಬಿಎಸ್ಸೆನ್ನೆಲ್ ಲ್ಯಾಂಡ್‌ಲೈನ್ ಉಂಟು, ತಾಮ್ರದ ಲೈನು. ಈಗ ನಮ್ಮ ರಸ್ತೆಗೆ ಬಿಎಸ್ಸೆನ್ನೆಲ್ ಫೈಬರೂ ಬಂದಿದೆ, ಒಂದು ಖಾಸಗಿ ಕಂಪೆನಿಯದ್ದೂ ಬಂದಿದೆ. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ, ಗಲ್ಫಿನಲ್ಲಿರುವ ನೆಂಟರ ಹತ್ತಿರ ಎಲ್ಲ ಇರುವುದು ಇದೇ ನಂಬರ್, ಹಾಗಾಗಿ ಅದು ಬದಲಾಗಬಾರದು. ಕನೆಕ್ಷನ್ ತೀರಿಹೋದ ಅಪ್ಪನ ಹೆಸರಿನಲ್ಲಿದೆ. ಚಾವಡಿಯಲ್ಲೊಂದು, ಅಡಿಗೆಕೋಣೆ ಪಕ್ಕ ಇನ್ನೊಂದು ಫೋನ್ ಉಂಟು, ಎರಡೂ ನಡೆಯಬೇಕು. ಏನೇನು ಮಾಡಬೇಕು?

ಮುಳ್ಳೇರಿಯ_ಲೈನ್
ಮೊದಲು ಒಂದು ವಿಷಯ: ನಮ್ಮ ದೇಶದಲ್ಲಿ ನಂಬರ್ ಪೋರ್ಟಬಿಲಿಟಿ ಇರುವುದು ಮೊಬೈಲಿಗೆ ಮಾತ್ರ. 2011ರಲ್ಲಿ ದೇಶವಿಡೀ ಬಂದದ್ದೂ ಅದೇ. ಲ್ಯಾಂಡ್‌ಲೈನ್ ನಂಬರನ್ನು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಒಯ್ಯಲಿಕ್ಕೆ ಆಗುವುದಿಲ್ಲ. ಖಾಸಗಿಯವರ ಫೈಬರ್ ಹಾಕಿಸಿದರೆ ಅವರು ಅವರದ್ದೇ ಹೊಸ ನಂಬರ್ ಕೊಡ್ತಾರೆ. ನಂಬರ್ ಉಳಿಯಬೇಕಾದರೆ ದಾರಿ ಒಂದೇ: ಬಿಎಸ್ಸೆನ್ನೆಲ್ ಒಳಗೇ ತಾಮ್ರದಿಂದ ಫೈಬರಿಗೆ ಬದಲಾಯಿಸುವುದು. ಅದೂ ಅದೇ ಎಸ್‌ಟಿಡಿ ಕೋಡಿನ ವ್ಯಾಪ್ತಿಯಲ್ಲಿ. 04998ರ ನಂಬರ್ ಮಂಗಳೂರಿನ ಫ್ಲಾಟಿಗೆ ಬರುವುದಿಲ್ಲ.

ಅರ್ಜಿಯಲ್ಲಿ ಬರೆಯುವ ಮಾತು ಬಹಳ ಮುಖ್ಯ. "ಹಳೆಯದ್ದು ಕ್ಲೋಸ್ ಮಾಡಿ, ಹೊಸ ಫೈಬರ್ ಕೊಡಿ" ಅಂತ ಬರೆಯಬೇಡಿ. ಕ್ಲೋಸ್ ಆದ ನಂಬರ್ ನಿಮ್ಮ ಕೈ ತಪ್ಪಿತು ಅಂತಲೇ ಲೆಕ್ಕ, ವಾಪಸು ಸಿಗುವ ಭರವಸೆ ಇಲ್ಲ. "ಇದೇ ನಂಬರ್ ಉಳಿಸಿಕೊಂಡು ಲ್ಯಾಂಡ್‌ಲೈನನ್ನು ಫೈಬರಿಗೆ ಕನ್ವರ್ಟ್ ಮಾಡಿ" ಅಂತಲೇ ಬರೆಯಿರಿ, ನಂಬರನ್ನು ಎಸ್‌ಟಿಡಿ ಕೋಡ್ ಸಮೇತ ಹಾಕಿ. ಫೈಬರ್ ಎಳೆಯಲು ಬರುವವರು ಹೆಚ್ಚಾಗಿ ಸ್ಥಳೀಯ ಪಾಲುದಾರರು. ಅವರ ಹತ್ತಿರ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಹೊಸ ಕನೆಕ್ಷನ್ ಅಂತ ಬುಕ್ ಆದರೆ ಹೊಸ ನಂಬರೇ ಬರ್ತದೆ. ಸಹಿ ಹಾಕುವ ಮೊದಲು ಫಾರ್ಮಿನಲ್ಲಿ ಯಾವ ನಂಬರ್ ಉಂಟು ನೋಡಿ.

ಅಪ್ಪನ ಹೆಸರಿನದ್ದನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಕೊನೆಯ ಬಿಲ್ಲು ಜೊತೆಗಿರಲಿ. ಬಾಕಿ ಇದ್ದರೆ ಕಟ್ಟಿಬಿಡಿ. ಬಿಲ್ಲಿನಲ್ಲಿ ಮನೆ ಹೆಸರಿನ ಇಂಗ್ಲಿಷ್ ಅಕ್ಷರಗಳು ಹೇಗಿವೆಯೋ ಅರ್ಜಿಯಲ್ಲೂ ಹಾಗೇ ಬರೆಯಿರಿ. ನಮ್ಮ ಕಡೆಯ ಮನೆ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದು ಕಡತ ಅಲ್ಲೇ ನಿಲ್ಲುವುದುಂಟು.

ಖಾಸಗಿ ಫೈಬರೇ ಬೇಕು ಅಂತಿದ್ದರೆ ಹಳೆ ನಂಬರನ್ನು ಕಡಿಮೆ ಬಾಡಿಗೆಯ ಪ್ಲಾನಿನಲ್ಲಿ ಉಳಿಸಿ ಮೊಬೈಲಿಗೆ ಫಾರ್ವರ್ಡ್ ಹಾಕಿಸಬಹುದು. ಫಾರ್ವರ್ಡ್ ಆಗುವುದು ಎಕ್ಸ್‌ಚೇಂಜಿನಲ್ಲಿ, ಆದ್ದರಿಂದ ಮನೆಯ ತಂತಿ ಸತ್ತರೂ ಕರೆ ಬರ್ತದೆ. ಆದರೆ ಎರಡು ಬಿಲ್ಲು ಕಟ್ಟುತ್ತಾ ಇರಬೇಕು.

ಉಪ್ಪಳ_ಫೈಬರ್
ಮನೆಯೊಳಗಿನ ಕೆಲಸ ನಾನು ಹೇಳ್ತೇನೆ. ಫೈಬರ್ ಮೋಡೆಮಿನ ಹಿಂದೆ ಫೋನಿನ ಕಿಂಡಿ ಇರ್ತದೆ. ಎರಡಿದ್ದರೆ ಸಾಮಾನ್ಯವಾಗಿ ಟೆಲ್ 1 ಮಾತ್ರ ಚಾಲೂ. ಮೊದಲು ಒಂದೇ ಫೋನನ್ನು ಅಲ್ಲಿಗೆ ನೇರ ಸಿಕ್ಕಿಸಿ ಪರೀಕ್ಷೆ ಮಾಡಿ. ಸರಿ ಇದ್ದರೆ ಮಾತ್ರ ಅಲ್ಲಿಂದ ಮನೆಯ ಹಳೆ ವೈರಿಂಗಿಗೆ ಕೊಡಿ. ಎರಡು ಫೋನಿಗೆ ತೊಂದರೆ ಇಲ್ಲ. ಹಳೆ ಎಡಿಎಸ್ಸೆಲ್ ಸ್ಪ್ಲಿಟರ್ (ತಾಮ್ರದ ಲೈನಿನಲ್ಲಿ ಫೋನ್, ಇಂಟರ್ನೆಟ್ ಬೇರೆ ಮಾಡುವ ಚಿಕ್ಕ ಪೆಟ್ಟಿಗೆ) ಇದ್ದರೆ ಕಿತ್ತುಬಿಡಿ.

ಆದರೆ ಅದಕ್ಕೂ ಮೊದಲು ಕಂಬದಿಂದ ಬರುವ ತಾಮ್ರದ ತಂತಿಯನ್ನು ರೋಸೆಟ್ ಪೆಟ್ಟಿಗೆಯಲ್ಲಿ (ಲೈನು ಮನೆಯ ವೈರಿಂಗಿಗೆ ಸೇರುವ ಗೋಡೆಪೆಟ್ಟಿಗೆ) ಬಿಚ್ಚಿ ಪೂರ್ತಿ ಬೇರೆ ಮಾಡಲೇಬೇಕು. ಅದರಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಇನ್ನೂ ಇರಬಹುದು. ಮೋಡೆಮಿನ ಫೋನ್ ಕಿಂಡಿಯೂ ತಾನೇ ವೋಲ್ಟೇಜ್ ಕೊಡುವಂಥದ್ದು, ಎರಡು ಸೇರಿದರೆ ಕಿಂಡಿ ಸುಟ್ಟುಹೋಗಬಹುದು. ಇನ್ನು ನಮ್ಮ ಗುಡ್ಡದ ಮೇಲಿನ ಸಿಡಿಲಂತೂ ಬಿಡಿ, ಬಳಸದೆ ನೇತಾಡುವ ತಂತಿಯಲ್ಲೂ ಒಳಗೆ ಬರ್ತದೆ. ಫೈಬರ್ ಕೇಬಲಿಗೆ ಆಧಾರದ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗೋಡೆಯಲ್ಲೇ ನಿಲ್ಲಿಸಿ, ಒಳಗೆ ತರಬೇಡಿ.

ಲೈನಿನವರು ಹೋಗುವ ಮೊದಲು ಮೀಟರಿನಲ್ಲಿ ಬೆಳಕಿನ ಅಳತೆ ಕೇಳಿ. ಅದನ್ನು ಡಿಬಿಎಂನಲ್ಲಿ ಹೇಳ್ತಾರೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೋಡೆಮಿನ ಮಿತಿ ಸಾಮಾನ್ಯವಾಗಿ ಮೈನಸ್ 27 ಡಿಬಿಎಂ. ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 26 ಇದ್ದರೆ ಈಗ ನಡೀತದೆ, ಮುಂದೆ ಒಂದು ಜೋಡಣೆ ಹಾಳಾದರೂ ಮೋಡೆಮಿನಲ್ಲಿ ಕೆಂಪು ದೀಪ, ಅಂದರೆ ಲೈನ್ ಕಡಿತ. ಹಸಿರು ತುದಿಯ ಕನೆಕ್ಟರಿನ ಜಾಗಕ್ಕೆ ನೀಲಿ ತುದಿಯದ್ದು ಹಾಕಿದರೂ ಬೆಳಕು ಸೋರ್ತದೆ.

ಆಮೇಲೆ ಕರೆಯನ್ನು ಎರಡೂ ಕಡೆಯಿಂದ ಪರೀಕ್ಷಿಸಿ. ಕರೆ ಹೋಗ್ತದೆ, ಬರುವುದಿಲ್ಲ ಅಂತಾದರೆ ಮನೆಯಲ್ಲಿ ಏನೂ ಮುಟ್ಟಬೇಡಿ. ಹೆಚ್ಚಾಗಿ ನಂಬರ್ ಇನ್ನೂ ಎಕ್ಸ್‌ಚೇಂಜಿನ ಹಳೆ ಸ್ವಿಚ್ಚಿನಲ್ಲೇ ಇದ್ದು ಬರುವ ಕರೆ ಅಲ್ಲಿಗೇ ಹೋಗ್ತಾ ಇರ್ತದೆ, ಅದನ್ನು ಎಕ್ಸ್‌ಚೇಂಜಿನವರೇ ತೆಗೆಯಬೇಕು. ಮೋಡೆಮಿನ ಮೇಲಿನ ಫೋನ್ ದೀಪವೇ ಹತ್ತದಿದ್ದರೆ ಅದರಲ್ಲಿ ನಂಬರ್, ಪಾಸ್‌ವರ್ಡ್ ನೋಂದಣಿ ಆಗಿಲ್ಲ. ಟೋನ್ ಬಂದು ಡಯಲ್ ಆಗದಿದ್ದರೆ ಫೋನಿನ ತಳದ ಸ್ವಿಚ್ ಪಲ್ಸಿನಲ್ಲಿದೆಯೋ ನೋಡಿ, ಟೋನಿಗೆ ಹಾಕಿ. ಮೊಬೈಲಿಗೆ ಮೊದಲು 0 ಒತ್ತಬೇಕು, 2021ರ ಜನವರಿ 15ರಿಂದ ಎಲ್ಲ ಲ್ಯಾಂಡ್‌ಲೈನಿಗೂ ಅದೇ ನಿಯಮ.

ತೋಟದಮನೆ, ಬದಿಯಡ್ಕ
ಉಪಕಾರ ಆಯ್ತು. ಹೆಸರು ಬದಲಾವಣೆಯಿಂದಲೇ ಶುರು ಮಾಡ್ತೇನೆ. ಕರೆಂಟ್ ಹೋದರೆ? ಮಳೆಗಾಲದಲ್ಲಿ ಇಲ್ಲಿ ಕಂಗು ಬಿದ್ದು ಲೈನ್ ಹರಿದರೆ ಗಂಟೆಗಟ್ಟಲೆ ಇರುವುದಿಲ್ಲ. ಅಮ್ಮ ಒಬ್ಬರೇ ಇರ್ತಾರೆ.

ಉಪ್ಪಳ_ಫೈಬರ್
ತಾಮ್ರದ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರ್ತಿತ್ತು, ಇದಕ್ಕೆ ಬರುವುದಿಲ್ಲ. ಮೋಡೆಮ್ ಆರಿದರೆ ಫೋನೂ ಆರಿತು. ಇನ್ವರ್ಟರ್ ಇದ್ದರೆ ಮೋಡೆಮನ್ನು ಅದರ ಪಾಯಿಂಟಿಗೆ ಹಾಕಿ. ಇಲ್ಲದಿದ್ದರೆ ರೂಟರಿಗೆ ಅಂತ ಸಿಗುವ ಮಿನಿ ಯುಪಿಎಸ್ ತಗೊಳ್ಳಿ. ಮೋಡೆಮಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್ ಮತ್ತು ಯುಪಿಎಸ್ಸಿನದ್ದು ಒಂದೇ ಇರಬೇಕು, ಹೆಚ್ಚಾಗಿ 12 ವೋಲ್ಟ್. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ. 10,400 ಎಂಎಎಚ್ ಅಂತ ಬರೆದದ್ದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ ಸುಮಾರು 38 ವ್ಯಾಟ್-ಅವರ್. ಮೋಡೆಮ್ 8 ವ್ಯಾಟ್ ಎಳೆದರೆ, ನಷ್ಟ ಕಳೆದು, 4 ಗಂಟೆಗಿಂತ ತುಸು ಕಡಿಮೆ ಬರ್ತದೆ.

ದಾರಿಯಲ್ಲಿ ಫೈಬರಿನ ಬೆಳಕನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರಿಗೆ ಕರೆಂಟ್ ಬೇಡ, ಆದರೆ ಆಚೆ ತುದಿಯ ಉಪಕರಣಕ್ಕೆ ಬೇಕು. ಅಲ್ಲಿ ಬ್ಯಾಟರಿ ಎಷ್ಟು ಹೊತ್ತು ನಿಲ್ತದೆ ಅಂತ ಫೈಬರ್ ಎಳೆಯುವವರನ್ನೇ ಕೇಳಿ. ಅಮ್ಮನ ಕೈಯಲ್ಲಿ ಒಂದು ಸಾದಾ ಮೊಬೈಲೂ ಇರಲಿ, ಮನೆಯೊಳಗೆ ಯಾವ ಕಂಪೆನಿಯ ಸಿಗ್ನಲ್ ಸಿಗ್ತದೋ ಅದೇ ಸಿಮ್ ಹಾಕಿ.