‘ಕಾಂಟ್ಯಾಕ್ಟ್’ ಅಂದರೆ ಸಂಪರ್ಕವೇ? ಸಬ್‌ಮರೀನ್ ಬೇಟೆಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಗೌರಿಬಿದನೂರಿನ ಹೈಸ್ಕೂಲು ಮಕ್ಕಳು ಓದಲಿ ಅಂತ ಕ್ಯಾಪ್ಟನ್ ಫ್ರೆಡರಿಕ್ ಜಾನ್ ವಾಕರ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಸರಕು ಹಡಗುಗಳಿಗೆ ಬೆಂಗಾವಲಾಗಿ ನಿಂತು, ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಸಬ್‌ಮರೀನ್‌ಗಳನ್ನು ಬೇಟೆಯಾಡಿದ ಬ್ರಿಟಿಷ್ ಅಧಿಕಾರಿ ಅವರು. ಬೆಂಗಾವಲು, ಬೇಟೆ ಎರಡೂ ನಮ್ಮಲ್ಲೇ ಇವೆ. ‘ಡೆಪ್ತ್ ಚಾರ್ಜ್’ಗೆ ‘ಆಳದ ಸಿಡಿಗುಂಡು’ ಅಂತ ಹಾಕಿಕೊಂಡೆ, ಮಕ್ಕಳಿಗೆ ಅರ್ಥವಾಯಿತು. ನಾನು ನಿಂತುಹೋಗಿದ್ದು ‘ಕಾಂಟ್ಯಾಕ್ಟ್’ ಎಂಬ ಪದದಲ್ಲಿ.

ಬೆಂಗಾವಲು ಹಡಗಿನ ತಳದಲ್ಲಿ ಆಸ್ಡಿಕ್ ಎಂಬ ಉಪಕರಣ ಇರುತ್ತಿತ್ತು. ಈಗ ಸೋನಾರ್ ಅನ್ನುತ್ತೇವೆ. ಅದು ನೀರೊಳಗೆ ‘ಪಿಂಗ್’ ಅಂತ ಸದ್ದು ಬಿಡುತ್ತದೆ. ಸದ್ದು ಸಬ್‌ಮರೀನ್‌ಗೆ ಬಡಿದು ವಾಪಸ್ ಬಂದರೆ, ಕಿವಿಗೊಟ್ಟು ಕೂತ ನಾವಿಕ ‘ಕಾಂಟ್ಯಾಕ್ಟ್’ ಅನ್ನುತ್ತಾನೆ. ಆದರೆ ಹಡಗು ತೀರಾ ಹತ್ತಿರ ಹೋದಾಗ, ಸರಿಯಾಗಿ ಗುಂಡು ಹಾಕುವ ಹೊತ್ತಿಗೆ, ಆ ಮರುದನಿ ನಿಂತುಹೋಗುತ್ತಿತ್ತು. ಆಸ್ಡಿಕ್‌ನ ಸದ್ದು ಮುಂದಕ್ಕೆ ಹೋಗುತ್ತಿತ್ತು, ನೇರ ಕೆಳಕ್ಕಲ್ಲ. ಸಿಡಿಗುಂಡುಗಳನ್ನೋ ಹಡಗಿನ ಹಿಂಭಾಗದಿಂದ ಉರುಳಿಸಬೇಕು. ಅವು ಆಳಕ್ಕೆ ಇಳಿಯುವಷ್ಟರಲ್ಲಿ ಸಬ್‌ಮರೀನ್ ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳುತ್ತಿತ್ತು.

ವಾಕರ್ ಇದಕ್ಕೊಂದು ದಾರಿ ಕಂಡುಕೊಂಡರು. ಒಂದು ಹಡಗು ದೂರದಲ್ಲೇ ಇದ್ದು ಮರುದನಿ ಹಿಡಿದುಕೊಂಡಿರಬೇಕು. ಇನ್ನೊಂದು ತನ್ನ ಆಸ್ಡಿಕ್ ನಿಲ್ಲಿಸಿ, ನಿಧಾನವಾಗಿ ಸಬ್‌ಮರೀನ್‌ನ ನೆತ್ತಿಯ ಮೇಲೆ ಹೋಗಬೇಕು. ದೂರದ ಹಡಗು ಹೇಳಿದಾಗ ಗುಂಡು ಬಿಡಬೇಕು. ಕೆಳಗಿದ್ದವರಿಗೆ ದೂರದ ಪಿಂಗ್ ಕೇಳುತ್ತಿತ್ತು, ತಲೆ ಮೇಲೆ ಬಂದದ್ದು ಗೊತ್ತಾಗುತ್ತಿರಲಿಲ್ಲ. 1943ರ ಜೂನ್‌ನಲ್ಲಿ ಅವರ ಸ್ಟಾರ್ಲಿಂಗ್ ಹಡಗೂ ಜೊತೆಯ ಹಡಗುಗಳೂ ಯು-202 ಎಂಬ ಸಬ್‌ಮರೀನ್‌ನ ಬೆನ್ನು ಬಿದ್ದು ಸುಮಾರು 15 ಗಂಟೆ ಬಿಡಲಿಲ್ಲ. ಕೊನೆಗೆ ಅದು ತಾನೇ ಮೇಲೆ ಬಂತು, ಫಿರಂಗಿ ಏಟಿಗೆ ಸಿಕ್ಕಿತು. ಅಷ್ಟು ಹೊತ್ತೂ ಕ್ಯಾಪ್ಟನ್‌ಗೆ ಆಧಾರ ಅಂತ ಇದ್ದದ್ದು ಬಂದುಹೋಗುವ ಆ ಸದ್ದು ಮಾತ್ರ. ವಾಕರ್ 1944ರ ಜುಲೈ 9ರಂದು, 48ನೇ ವಯಸ್ಸಿಗೇ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ತೀರಿಕೊಂಡರು. ಇದನ್ನೆಲ್ಲ ಓದಿದ ಮೇಲೆ ಈ ಪದವನ್ನು ಸುಮ್ನೆ ಏನೋ ಒಂದು ಅಂತ ಹಾಕಿಬಿಡಲು ನನಗೆ ಮನಸ್ಸು ಬರುತ್ತಿಲ್ಲ.

ಮೊದಲು ‘ಸಂಪರ್ಕ ತಪ್ಪಿತು’ ಅಂತ ಬರೆದಿದ್ದೆ. ಒಬ್ಬ ಹುಡುಗಿ ‘ಸಬ್‌ಮರೀನ್‌ನವರ ಜೊತೆ ಇವರು ಮಾತಾಡ್ತಾ ಇದ್ರಾ?’ ಅಂತ ಕೇಳಿದಳು. ಅವಳು ಕೇಳಿದ್ದು ಸರಿ. ಸಂಪರ್ಕ ಅಂದರೆ ಎರಡೂ ಕಡೆಯವರಿಗೆ ಬೇಕಾಗಿ ಆಗುವುದು. ಇಲ್ಲಿ ಒಬ್ಬ ಹುಡುಕುತ್ತಾನೆ, ಇನ್ನೊಬ್ಬ ಉಸಿರು ಬಿಗಿಹಿಡಿದು ಅಡಗಿದ್ದಾನೆ. ‘ಜಾಡು’ ಅನ್ನೋಣವೆಂದರೆ ಅದು ಬಂಡಿ ಹೋದ ಮೇಲೆ ನೆಲದಲ್ಲಿ ಉಳಿಯುವ ಗುರುತು. ‘ಸುಳಿವು’ ಹತ್ತಿರ ಬರುತ್ತದೆ. ಆದರೆ ಪತ್ರಿಕೆ ಓದುವವರಿಗೆ ಅದು ಕಳ್ಳತನದ ತನಿಖೆ.

ಆಗ ನೆನಪಾಗಿದ್ದು ನಮ್ಮಜ್ಜಿ. ಬಾವಿಗೆ ಬಿಂದಿಗೆ ಬಿದ್ದರೆ ಹಗ್ಗಕ್ಕೆ ಪಾತಾಳಗರಡಿ, ಅಂದರೆ ಕೊಕ್ಕೆಗಳ ಗೊಂಚಲು, ಕಟ್ಟಿ ಇಳಿಬಿಡುತ್ತಿದ್ದರು. ಕೆಳಗೆ ಕಪ್ಪು ನೀರು, ಏನೂ ಕಾಣದು. ಹಗ್ಗ ಹಿಡಿದ ಕೈಗೇ ಎಲ್ಲ ತಿಳಿಯಬೇಕು. ನಾವು ಮಕ್ಕಳು ಬಾವಿಕಟ್ಟೆ ಸುತ್ತ ಮಾತಿಲ್ಲದೆ ನಿಂತಿರುತ್ತಿದ್ದೆವು. ‘ತಗುಲ್ತು, ತಗುಲ್ತು’ ಅನ್ನುವರು. ಮರುಗಳಿಗೆ ‘ಅಯ್ಯೋ, ಜಾರ್ತು.’ ಮತ್ತೆ ಇಳಿಬಿಡುವರು. ಆಸ್ಡಿಕ್ ಮುಂದೆ ಕೂತವನ ಮಾತೂ ಇದೇ ಅಲ್ವಾ?

ಹಳಗನ್ನಡದ ‘ತಗುಳ್’ಗೆ ಸೇರು, ಅಂಟು ಎಂಬುದರ ಜೊತೆ ಬೆನ್ನಟ್ಟು ಎಂಬ ಅರ್ಥವೂ ಇದೆ. ಇದು ನೋಡಿ ನನಗೆ ಬಹಳ ಖುಷಿಯಾಯಿತು. ಮುಟ್ಟುವುದು, ಬೆನ್ನು ಬೀಳುವುದು ಎರಡೂ ಒಂದೇ ಪದದಲ್ಲಿ!

ಆದರೆ ಎರಡು ತೊಡಕು ಇವೆ. ನಮ್ಮ ಕಡೆ ಮನೆಮನೆಯಲ್ಲೂ ತೆಲುಗು ಇದೆ, ‘ತಗಿಲಿಂದಿ’ ಅನ್ನುವುದು ದಿನದ ಮಾತು. ಹಾಗಾಗಿ ‘ತಗುಲು’ ನನಗೆ ಇಷ್ಟು ಹತ್ತಿರ ಅನ್ನಿಸುತ್ತಿರುವುದು ತೆಲುಗಿನ ನೆರಳಿನಿಂದಲೋ ಏನೋ. ಧಾರವಾಡ, ಮಂಗಳೂರಿನ ಕಿವಿಗೆ ಇದು ಹೇಗೆ ಕೇಳುತ್ತದೆ? ಇನ್ನೊಂದು ಜಾಸ್ತಿ ಕಷ್ಟದ್ದು. ‘ಸೋಂಕು ತಗುಲಿತು’, ‘ಗುಂಡು ತಗುಲಿತು’ ಅನ್ನುತ್ತೇವೆ. ‘ಸಬ್‌ಮರೀನ್ ತಗುಲಿತು’ ಅಂದರೆ ಗುಂಡು ಬಿತ್ತು ಅಂತಲೇ ಓದುಗರು ತಿಳಿಯಬಹುದು. ಅದಕ್ಕೇ ಸದ್ಯಕ್ಕೆ ‘ದನಿ ತಗುಲಿತು’, ‘ದನಿ ಜಾರಿತು’ ಅಂತ ಬರೆದಿದ್ದೇನೆ.

ಕ್ರಿಯಾಪದದ ಮಟ್ಟಿಗೆ ಇದು ಸಾಕು. ನಾಮಪದಕ್ಕೆ ಏನು ಮಾಡಲಿ? ‘ಮೊದಲ ತಗುಲು, ಬೆಳಗ್ಗೆ 10 ಗಂಟೆ’ ಅಂತ ಬರೆದರೆ ನಡೆದೀತೇ? ಬಲೆಗೆ ಮೀನು ಬಿದ್ದದ್ದು ಕೈಗೆ ತಿಳಿಯುವ ಆ ಗಳಿಗೆಗೆ ಕರಾವಳಿಯಲ್ಲಿ ಏನನ್ನುತ್ತಾರೆ? ನೌಕಾಪಡೆಯಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಬರಹ ನಮ್ಮ ಐಎನ್‌ಎಸ್ ಖುಕ್ರಿ ಬಗ್ಗೆ. 1971ರ ಡಿಸೆಂಬರ್ 9ರಂದು ಸಬ್‌ಮರೀನ್ ಹುಡುಕುತ್ತಲೇ ದಿಯು ಬಳಿ ಮುಳುಗಿದ ಹಡಗು ಅದು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಅಲ್ಲೂ ನನಗೆ ಈ ಪದ ಬೇಕು.